ಗೋಲುಕಂಬಗಳ ಕಾವಲುಗಾರ ರಿಕಾರ್ಡೊ ಜಮೋರಾ

ಮಳೆಗಾಲ ಕಳೆದು, ಕೊಯ್ಲಾದ ಗದ್ದೆಗಳಲ್ಲಿ ಹುಡುಗರು ಚೆಂಡು ಒದೆಯಲು ತೊಡಗಿದರೆಂದರೆ ಮೊದಲು ಏಳುವ ತಕರಾರು ಗೋಲಿನಲ್ಲಿ ನಿಲ್ಲುವವರು ಯಾರು ಎಂಬುದೇ. ಗೋಲು ಹೊಡೆಯಲು ಎಲ್ಲರಿಗೂ ಆಸೆ, ಕಾಯುವುದಕ್ಕೆ ಯಾರಿಗೂ ಮನಸ್ಸಿಲ್ಲ. ಕೊನೆಗೆ ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವನನ್ನೋ, ಓಡಲಾರದ ದಪ್ಪ ಹುಡುಗನನ್ನೋ ಎರಡು ಕಲ್ಲುಗಳ ನಡುವೆ ನಿಲ್ಲಿಸಿ ಆಟ ಆರಂಭವಾಗುತ್ತದೆ. ಹತ್ತು ಗೋಲು ತಡೆದರೂ ಅವನನ್ನು ಹೊಗಳುವವರಿಲ್ಲ. ಒಂದು ಬಿಟ್ಟರೆ ಸಾಕು, ಬೈಗುಳ. ಶಾಲಾ ಮೈದಾನದಲ್ಲಿ ಇಪ್ಪತ್ತು ವರ್ಷಗಳಿಂದ ಸೀಟಿ ಹಿಡಿದು ನಿಂತು ನಾನು ಇದನ್ನು ನೋಡುತ್ತಾ ಬಂದಿದ್ದೇನೆ.

ಯಾರಿಗೂ ಬೇಡವಾದ ಈ ಜಾಗದಲ್ಲಿ ನಿಂತುಕೊಂಡೇ ಒಂದು ಇಡೀ ದೇಶದ ಕಣ್ಮಣಿಯಾದವನೊಬ್ಬನಿದ್ದ. ಅವನ ಹೆಸರು ರಿಕಾರ್ಡೊ ಜಮೋರಾ. ಹೆಸರು ಕೇಳಿದೊಡನೆ ನಮ್ಮ ಕಡೆಯವರಿಗೆ ಕಲ್ಲಿಕೋಟೆಯ ಸಾಮೂತಿರಿಯ ನೆನಪಾದರೆ ಆಶ್ಚರ್ಯವಿಲ್ಲ. ಇಂಗ್ಲಿಷಿನವರು ಸಾಮೂತಿರಿಯನ್ನು ಜಮೋರಿನ್ ಎಂದು ಕರೆದದ್ದು ಚರಿತ್ರೆ ಪುಸ್ತಕಗಳಲ್ಲಿದೆಯಷ್ಟೆ. ಆದರೆ ಎರಡಕ್ಕೂ ಯಾವ ಸಂಬಂಧವೂ ಇಲ್ಲ. ಸ್ಪೇನ್ ದೇಶದಲ್ಲಿ ಜಮೋರಾ ಎಂಬ ಊರೇ ಇದೆ, ಆ ಹೆಸರಿನ ಮನೆತನಗಳೂ ಇವೆ.

ಜಮೋರಾ ಹುಟ್ಟಿದ್ದು 1901ರಲ್ಲಿ, ಸ್ಪೇನಿನ ಬಾರ್ಸಿಲೋನಾ ನಗರದಲ್ಲಿ. ತಂದೆ ವೈದ್ಯರು. ಮಗನೂ ಅದೇ ವೃತ್ತಿ ಹಿಡಿಯಬೇಕೆಂಬುದು ಮನೆಯವರ ಬಯಕೆ. ಮಗನ ಮನಸ್ಸಾದರೋ ಮೈದಾನದಲ್ಲಿ. 1916ರಲ್ಲಿ, ಇನ್ನೂ ಹದಿನೈದರ ಹುಡುಗನಾಗಿದ್ದಾಗಲೇ, ಆ ನಗರದ ಎಸ್ಪಾನ್ಯೋಲ್ ಕ್ಲಬ್ಬಿನ ಗೋಲಿನಲ್ಲಿ ನಿಂತ. ವಯಸ್ಸಿಗೆ ಮೀರಿದ ಎತ್ತರ, ಅಗಲವಾದ ಭುಜ, ದೊಡ್ಡ ಕೈಗಳು. 1919ರಲ್ಲಿ ಎಸ್ಪಾನ್ಯೋಲನ್ನು ಬಿಟ್ಟು ಅದೇ ಊರಿನ ಪ್ರತಿಸ್ಪರ್ಧಿ ತಂಡವಾದ ಬಾರ್ಸಿಲೋನಾ ಕ್ಲಬ್ಬಿಗೆ ಹೋದ. ಮೂರು ವರ್ಷ ಅಲ್ಲಿದ್ದು, 1920 ಮತ್ತು 1922ರಲ್ಲಿ ರಾಜನ ಹೆಸರಿನ ಕಪ್ಪನ್ನು ಆ ತಂಡ ಗೆಲ್ಲುವುದಕ್ಕೆ ನೆರವಾಗಿ, ಮತ್ತೆ ಹಳೆಯ ಎಸ್ಪಾನ್ಯೋಲಿಗೇ ಮರಳಿದ. ಬಾರ್ಸಿಲೋನಾದಲ್ಲಿ ಅವನಿಗೆ ಜೊತೆಯಾಗಿ ಆಡಿದ ಹೊಸೆಪ್ ಸಮಿತಿಯೇರ್ ಎಂಬ ಆಟಗಾರ ಮುಂದೆ ಕಷ್ಟಕಾಲದಲ್ಲಿಯೂ ಜೊತೆಯಾದ. ಆ ಮಾತು ಆಮೇಲೆ.

ಆ ಕಾಲದ ಗೋಲ್‌ಕೀಪರನ ಪಾಡು ಇಂದಿನಂತಿರಲಿಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಗೋಲಿನ ಅಳತೆ ಅಂದೂ ಇಂದೂ ಒಂದೇ: ಎಂಟು ಗಜ ಅಗಲ, ಎಂಟು ಅಡಿ ಎತ್ತರ. ಚೆಂಡು ಮಾತ್ರ ದಪ್ಪ ತೊಗಲಿನದು. ಅದರ ಬಾಯಿಯನ್ನು ತೊಗಲಿನ ದಾರದಿಂದ ಬಿಗಿಯುತ್ತಿದ್ದರು. ಮಳೆಗೆ ನೆನೆದರೆ ನೀರು ಕುಡಿದು ಕಲ್ಲಿನಂತಾಗುತ್ತಿತ್ತು. ಇಂದಿನ ಗೋಲ್‌ಕೀಪರುಗಳು ತೊಡುವ ಮೆತ್ತನೆಯ ದೊಡ್ಡ ಕೈಚೀಲಗಳು ಆಗ ಇರಲಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಚೆಂಡು ಹಿಡಿದ ಗೋಲ್‌ಕೀಪರನನ್ನು ಭುಜದಿಂದ ಗುದ್ದಿ ಚೆಂಡಿನ ಸಮೇತ ಗೋಲಿನೊಳಗೆ ತಳ್ಳುವುದಕ್ಕೆ ನಿಯಮದಲ್ಲೇ ಅವಕಾಶವಿತ್ತು. ಹಾಗಾಗಿ ಚೆಂಡನ್ನು ಕೈಯಲ್ಲಿ ಹಿಡಿಯುವುದಕ್ಕಿಂತ ದೂರ ಹೊಡೆದುಬಿಡುವುದೇ ಕ್ಷೇಮ. ಜಮೋರಾ ಇದಕ್ಕಾಗಿ ತನ್ನದೇ ಒಂದು ವಿಧಾನ ಕಂಡುಕೊಂಡ. ಕೈಯನ್ನು ಮಡಿಸಿ ಮುಂಗೈ ಮೊಣಕೈಗಳಿಂದ ಚೆಂಡನ್ನು ಬಡಿದು ದೂರಕ್ಕೆ ಕಳಿಸುತ್ತಿದ್ದ. ಸ್ಪೇನಿನವರು ಆ ಹೊಡೆತಕ್ಕೆ ಅವನ ಹೆಸರನ್ನೇ ಇಟ್ಟು ಜಮೋರಾನಾ ಎಂದರು. ಕುತ್ತಿಗೆ ಮುಚ್ಚುವ ಉಣ್ಣೆಯ ಅಂಗಿ, ತಲೆಗೆ ಬಟ್ಟೆಯ ಟೊಪ್ಪಿ ಅವನ ವೇಷ. ಜನ ಅವನಿಗೆ ಕೊಟ್ಟ ಬಿರುದು ದೈವಾಂಶದವನು ಎಂಬ ಅರ್ಥದ್ದು.

ದೈವಾಂಶದವನಾದರೂ ಸಿಟ್ಟು, ಚಟಗಳಿಗೆ ಕೊರತೆಯಿರಲಿಲ್ಲ. ವಿಪರೀತ ಸಿಗರೇಟು ಸೇದುತ್ತಿದ್ದ. 1920ರಲ್ಲಿ ಬೆಲ್ಜಿಯಂ ದೇಶದ ಆಂಟ್‌ವರ್ಪಿನಲ್ಲಿ ಒಲಿಂಪಿಕ್ ಪಂದ್ಯಾಟಗಳು ನಡೆದವು. ಮಹಾಯುದ್ಧದ ನಂತರದ ಮೊದಲ ಒಲಿಂಪಿಕ್ ಅದು. ಸ್ಪೇನಿನ ರಾಷ್ಟ್ರೀಯ ಕಾಲ್ಚೆಂಡು ತಂಡ ಮೊಟ್ಟಮೊದಲು ಆಡಿದ್ದೂ ಅಲ್ಲೇ. ಆ ವರ್ಷದ ಆಗಸ್ಟ್ 28ರಂದು ಡೆನ್ಮಾರ್ಕಿನ ಎದುರು ಆಡಿದ ಮೊದಲ ಪಂದ್ಯದಲ್ಲಿ ಗೋಲಿನಲ್ಲಿ ನಿಂತವನು ಹತ್ತೊಂಬತ್ತು ವರ್ಷದ ಜಮೋರಾ. ಸ್ಪೇನ್ ಒಂದು ಗೋಲಿನಿಂದ ಗೆದ್ದಿತು. ಮುಂದೆ ಆತಿಥೇಯ ಬೆಲ್ಜಿಯಂ ಕೈಯಲ್ಲಿ ಸೋತರೂ, ಅಂತಿಮ ಪಂದ್ಯದ ನಡುವೆ ಚೆಕೊಸ್ಲೊವಾಕಿಯಾದವರು ರೆಫರಿಯ ಮೇಲೆ ಮುನಿಸಿಕೊಂಡು ಮೈದಾನ ಬಿಟ್ಟು ಹೊರನಡೆದದ್ದರಿಂದ ಎರಡನೆಯ ಸ್ಥಾನಕ್ಕೆ ಬೇರೆ ಪಂದ್ಯಗಳನ್ನು ಏರ್ಪಡಿಸಬೇಕಾಯಿತು. ಅವುಗಳಲ್ಲಿ ಗೆದ್ದು ಸ್ಪೇನ್ ಬೆಳ್ಳಿಯ ಪದಕ ಪಡೆಯಿತು. ಈ ನಡುವೆ ಇಟಲಿಯೊಂದಿಗಿನ ಪಂದ್ಯದಲ್ಲಿ ಜಮೋರಾ ಎದುರಾಳಿಯೊಬ್ಬನಿಗೆ ಗುದ್ದಿದ್ದಕ್ಕಾಗಿ ರೆಫರಿ ಅವನನ್ನು ಹೊರಗಟ್ಟಿದ. ಬದಲಿ ಆಟಗಾರರನ್ನು ಇಳಿಸುವ ಪದ್ಧತಿ ಇನ್ನೂ ಬಂದಿರಲಿಲ್ಲ. ಅವನ ಜಾಗದಲ್ಲಿ ಬೇರೊಬ್ಬ ಆಟಗಾರ ಗೋಲು ಕಾಯಬೇಕಾಯಿತು. ಅದೃಷ್ಟಕ್ಕೆ ಸ್ಪೇನ್ ಆ ಪಂದ್ಯವನ್ನು ಗೆದ್ದಿತು.

ಅಲ್ಲಿಂದ ಹದಿನಾರು ವರ್ಷ ರಾಷ್ಟ್ರೀಯ ತಂಡದ ಗೋಲು ಜಮೋರಾನದೇ. ಒಟ್ಟು 46 ಪಂದ್ಯಗಳು. ಇಂದು ಒಂದು ವರ್ಷದಲ್ಲೇ ಹತ್ತು ಹನ್ನೆರಡು ಅಂತಾರಾಷ್ಟ್ರೀಯ ಪಂದ್ಯಗಳಾಗುವುದರಿಂದ ಈ ಸಂಖ್ಯೆ ಸಣ್ಣದೆನಿಸೀತು. ರೈಲಿನಲ್ಲಿ ಪ್ರಯಾಣಮಾಡಿ, ವರ್ಷಕ್ಕೆ ಮೂರೋ ನಾಲ್ಕೋ ಪಂದ್ಯ ಆಡುತ್ತಿದ್ದ ದಿನಗಳು ಅವು. ಸ್ಪೇನಿನಲ್ಲಿ ಈ ದಾಖಲೆಯನ್ನು ಮೀರಲು ಮೂವತ್ತೆಂಟು ವರ್ಷ ಬೇಕಾಯಿತು, ಮೀರಿದವನೂ ಗೋಲ್‌ಕೀಪರನೇ, ಇರಿಬಾರ್ ಎಂಬವನು.

1929ರ ಮೇ 15ರಂದು ಮ್ಯಾಡ್ರಿಡ್ಡಿನಲ್ಲಿ ಸ್ಪೇನಿಗೂ ಇಂಗ್ಲೆಂಡಿಗೂ ಪಂದ್ಯವಾಯಿತು. ಕಾಲ್ಚೆಂಡಾಟವನ್ನು ಜಗತ್ತಿಗೆ ಕಲಿಸಿದವರು ತಾವೆಂಬ ಹೆಮ್ಮೆ ಇಂಗ್ಲಿಷರಿಗೆ. ತಮ್ಮ ದ್ವೀಪಗಳಾಚೆಯ ಯಾವ ದೇಶದ ಕೈಯಲ್ಲೂ ಅವರು ಅದುವರೆಗೆ ಸೋತವರಲ್ಲ. ಅಂದು ಸ್ಪೇನ್ ನಾಲ್ಕು, ಇಂಗ್ಲೆಂಡ್ ಮೂರು. ಎದೆಯ ಮೂಳೆಗೆ ಏಟು ಬಿದ್ದಿದ್ದರೂ ಜಮೋರಾ ಕೊನೆಯತನಕ ಗೋಲು ಬಿಟ್ಟು ಕದಲಲಿಲ್ಲವೆಂದು ಹೇಳುತ್ತಾರೆ. ಎರಡು ವರ್ಷಗಳ ನಂತರ, 1931ರ ಡಿಸೆಂಬರಿನಲ್ಲಿ, ಇಂಗ್ಲಿಷರು ಸ್ಪೇನಿನವರನ್ನು ಲಂಡನ್ನಿನ ಹೈಬರಿ ಮೈದಾನಕ್ಕೆ ಕರೆದರು. ಚಳಿಗಾಲ, ಕೆಸರು, ಪರಕೀಯ ಜನಸಂದಣಿ. ಜಗತ್ತಿನ ಶ್ರೇಷ್ಠ ಗೋಲ್‌ಕೀಪರನನ್ನು ನೋಡಲು ಬಂದವರ ಕಣ್ಣೆದುರಿಗೆ ಅವನ ಕೈಗಳಿಂದ ಚೆಂಡು ಜಾರಿತು. ಏಳು ಗೋಲುಗಳು ಒಳಹೊಕ್ಕವು, ಸ್ಪೇನಿಗೆ ಸಿಕ್ಕಿದ್ದು ಒಂದೇ. ಲಂಡನ್ನಿನ ಪತ್ರಿಕೆಗಳು ನಕ್ಕವು. ಇಂದಿಗೂ ಇಂಗ್ಲೆಂಡಿನಲ್ಲಿ ಜಮೋರಾನ ಹೆಸರು ಬಂದರೆ ಆ ಏಳು ಗೋಲುಗಳ ಕಥೆಯೇ ಮೊದಲು ಬರುತ್ತದೆ. ನನಗೆ ಮಾತ್ರ ಈ ಸೋಲು ಅವನ ಲೆಕ್ಕದಲ್ಲಿ ದೊಡ್ಡ ಕಳಂಕವೆನಿಸುವುದಿಲ್ಲ. ಅಂಥ ಮಧ್ಯಾಹ್ನದ ನಂತರವೂ ಮುಂದಿನ ವಾರ ಗೋಲಿನಲ್ಲಿ ನಿಲ್ಲಲೇಬೇಕಾದ ವೃತ್ತಿ ಅದು, ಅವನು ನಿಂತ.

ನಿಂತದ್ದು ಎಲ್ಲಿ ಎಂದರೆ ಮ್ಯಾಡ್ರಿಡ್ಡಿನಲ್ಲಿ. 1929ರಲ್ಲಿ ವೇಲೆನ್ಸಿಯಾದಲ್ಲಿ ಸುರಿಯುವ ಮಳೆಯಲ್ಲಿ ನಡೆದ ಕಪ್ ಫೈನಲಿನಲ್ಲಿ ಜಮೋರಾನ ಎಸ್ಪಾನ್ಯೋಲ್ ತಂಡ ರಿಯಲ್ ಮ್ಯಾಡ್ರಿಡ್ಡನ್ನು 2-1ರಿಂದ ಸೋಲಿಸಿತ್ತು. ಸೋಲಿಸಿದವನನ್ನೇ ಕೊಂಡುಕೊಂಡರೆ ಒಳಿತೆಂದು ಮ್ಯಾಡ್ರಿಡ್ಡಿನವರಿಗೆ ತೋರಿರಬೇಕು. 1930ರಲ್ಲಿ ಒಂದೂವರೆ ಲಕ್ಷ ಪೆಸೆಟಾ ಕೊಟ್ಟು ಅವನನ್ನು ತಂದರು. ಗೋಲ್‌ಕೀಪರನೊಬ್ಬನಿಗೆ ಇಷ್ಟು ಹಣವೇ ಎಂದು ಸ್ಪೇನೆಲ್ಲ ಬಾಯಿ ಬಿಟ್ಟಿತು. ಅವನ ಮುಂದೆ ಸಿರಿಯಾಕೊ, ಕಿನ್ಕೋಸೆಸ್ ಎಂಬ ಇಬ್ಬರು ಗಟ್ಟಿ ಬ್ಯಾಕ್ ಆಟಗಾರರನ್ನೂ ತಂದು ನಿಲ್ಲಿಸಿದರು. 1931-32ರ ಲೀಗಿನಲ್ಲಿ ಹದಿನೆಂಟು ಪಂದ್ಯ ಆಡಿ ಮ್ಯಾಡ್ರಿಡ್ ಒಂದನ್ನೂ ಸೋಲಲಿಲ್ಲ, ಬಿಟ್ಟದ್ದು ಹದಿನೈದೇ ಗೋಲು. ಮರುವರ್ಷವೂ ಲೀಗ್ ಅವರದೇ.

ಇಷ್ಟರಲ್ಲಿ ದೇಶವೇ ಬದಲಾಗಿತ್ತು. 1931ರಲ್ಲಿ ರಾಜ ಸಿಂಹಾಸನ ಬಿಟ್ಟು ಹೋದ, ಸ್ಪೇನ್ ಗಣರಾಜ್ಯವಾಯಿತು. ರಾಜ ಕೊಟ್ಟ ರಿಯಲ್ ಎಂಬ ಉಪಾಧಿಯನ್ನು ಕ್ಲಬ್ ಕೈಬಿಡಬೇಕಾಯಿತು. ಹೊಸ ಗಣರಾಜ್ಯದ ಅಧ್ಯಕ್ಷನ ಹೆಸರು ಅಲ್ಕಲಾ-ಜಮೋರಾ. ಈ ಹೆಸರು ಕೇಳಿ ರಷ್ಯದ ಸ್ಟಾಲಿನ್, ಆ ಗೋಲ್‌ಕೀಪರ್ ಅಧ್ಯಕ್ಷನಾದನೇ ಎಂದು ವಿಚಾರಿಸಿದನಂತೆ. ಇದು ಕಟ್ಟುಕಥೆಯೂ ಆಗಿರಬಹುದು, ಆದರೆ ಅಂಥ ಕಥೆ ಹುಟ್ಟಬೇಕಾದರೆ ಗೋಲ್‌ಕೀಪರನ ಹೆಸರು ಎಷ್ಟು ದೂರ ಹೋಗಿದ್ದಿರಬೇಕು! ಅದೇ ಅಧ್ಯಕ್ಷ 1934ರಲ್ಲಿ ಗೋಲ್‌ಕೀಪರನಿಗೆ ಗಣರಾಜ್ಯದ ಗೌರವಪದಕವನ್ನು ನೀಡಿದ.

ಆ ವರ್ಷವೇ ಇಟಲಿಯಲ್ಲಿ ಎರಡನೆಯ ವಿಶ್ವಕಪ್ ಪಂದ್ಯಾಟ. ಮುಸೊಲಿನಿಯ ಆಳ್ವಿಕೆಯ ಕಾಲ. ಜೆನೋವಾದಲ್ಲಿ ಸ್ಪೇನ್ ತನ್ನ ಮೊದಲ ಪಂದ್ಯದಲ್ಲಿ ಬ್ರೆಜಿಲನ್ನು 3-1ರಿಂದ ಸೋಲಿಸಿತು. ಬ್ರೆಜಿಲಿಗೆ ಸಿಕ್ಕಿದ ಪೆನಾಲ್ಟಿಯನ್ನು ಹೊಡೆದವನು ವಾಲ್ಡೆಮಾರ್ ದೆ ಬ್ರಿಟೊ. ಜಮೋರಾ ಅದನ್ನು ತಡೆದ. ಈ ಬ್ರಿಟೊನೇ ಇಪ್ಪತ್ತೆರಡು ವರ್ಷಗಳ ತರುವಾಯ ಪೆಲೆ ಎಂಬ ಹದಿನೈದರ ಹುಡುಗನ ಕೈಹಿಡಿದು ಸಾಂತೋಸ್ ಕ್ಲಬ್ಬಿಗೆ ಕರೆತಂದವನು. ಮುಂದಿನ ಪಂದ್ಯ ಮೇ 31ರಂದು ಫ್ಲಾರೆನ್ಸಿನಲ್ಲಿ, ಇಟಲಿಯೊಂದಿಗೆ. ಸ್ಪೇನ್ ಮೊದಲು ಗೋಲು ಹೊಡೆಯಿತು. ವಿರಾಮಕ್ಕೆ ಮುಂಚೆ ಇಟಲಿ ಸರಿಗಟ್ಟಿತು. ಆ ಗೋಲಿನ ಹೊತ್ತಿಗೆ ಇಟಲಿಯವನೊಬ್ಬ ಜಮೋರಾನಿಗೆ ಅಡ್ಡ ನಿಂತಿದ್ದನೆಂದು ಸ್ಪೇನಿನವರು ಇಂದಿಗೂ ಹೇಳುತ್ತಾರೆ. ಆಮೇಲೆ ಅರ್ಧ ಆಟ, ಅದರ ಮೇಲೆ ಹೆಚ್ಚುವರಿ ಅರ್ಧ ಗಂಟೆ, ಇಟಲಿಯ ಮುನ್ನಡೆ ಆಟಗಾರರು ಮೇಲೆ ಬಿದ್ದು ಬಿದ್ದು ಹೊಡೆದರೂ ಜಮೋರಾ ಬಿಡಲಿಲ್ಲ. ಪಂದ್ಯ 1-1ರಲ್ಲಿ ಮುಗಿಯಿತು. ಆಗ ಪೆನಾಲ್ಟಿ ಹೊಡೆದು ತೀರ್ಮಾನಿಸುವ ಕ್ರಮವಿರಲಿಲ್ಲ. ಮರುದಿನವೇ ಮತ್ತೆ ಆಡಬೇಕು. ಆದರೆ ಏಟು ತಿಂದು ಮೈಯೆಲ್ಲ ನೋವಾದ ಜಮೋರಾ ಏಳುವ ಸ್ಥಿತಿಯಲ್ಲಿರಲಿಲ್ಲ. ಅವನೂ ಸೇರಿದಂತೆ ಏಳು ಮಂದಿಯನ್ನು ಸ್ಪೇನ್ ಬದಲಿಸಬೇಕಾಯಿತು. ಇಟಲಿ ಒಂದು ಗೋಲಿನಿಂದ ಗೆದ್ದಿತು, ಕಪ್ಪನ್ನೂ ಗೆದ್ದಿತು. ಎರಡನೆಯ ದಿನದ ಸ್ವಿಟ್ಜರ್ಲೆಂಡಿನ ರೆಫರಿಯ ತೀರ್ಪುಗಳು ಎಷ್ಟು ಏಕಪಕ್ಷೀಯವಾಗಿದ್ದುವೆಂದರೆ ಅವನ ದೇಶದ ಕಾಲ್ಚೆಂಡು ಸಂಸ್ಥೆಯೇ ಅವನನ್ನು ಅಮಾನತುಗೊಳಿಸಿತು.

ಈಗ 1936ಕ್ಕೆ ಬರೋಣ. ಜೂನ್ 21, ವೇಲೆನ್ಸಿಯಾದ ಮೆಸ್ತಾಯಾ ಮೈದಾನ. ಕಪ್ ಫೈನಲಿನಲ್ಲಿ ಮ್ಯಾಡ್ರಿಡ್ಡಿಗೂ ಬಾರ್ಸಿಲೋನಾಕ್ಕೂ ಪಂದ್ಯ. ಮ್ಯಾಡ್ರಿಡ್ 2-1ರಿಂದ ಮುಂದಿತ್ತು. ಅದರ ಒಬ್ಬ ಆಟಗಾರ ಗಾಯಗೊಂಡು ಹೊರಗೆ, ಉಳಿದವರು ಹತ್ತೇ ಮಂದಿ. ಕೊನೆಯ ನಿಮಿಷ. ಬಾರ್ಸಿಲೋನಾದ ಎಸ್ಕೋಲಾ ಗೋಲಿನ ಹತ್ತಿರದಿಂದ, ಎಡಕಂಬದ ಬುಡಕ್ಕೆ ನೆಲಮಟ್ಟದಲ್ಲಿ ಬಲವಾಗಿ ಹೊಡೆದ. ಬೇಸಗೆಯ ಒಣ ನೆಲದಿಂದ ಧೂಳೆದ್ದಿತು. ಚೆಂಡು ಕಾಣಿಸಲಿಲ್ಲ, ಗೋಲ್‌ಕೀಪರನೂ ಕಾಣಿಸಲಿಲ್ಲ. ಬಾರ್ಸಿಲೋನಾದ ಕಡೆಯವರು ಗೋಲೆಂದೇ ಕೂಗಿಕೊಂಡರು. ಧೂಳು ತಿಳಿಯಾದಾಗ ಟೊಪ್ಪಿ ಹಾಕಿದ ಮನುಷ್ಯ ಚೆಂಡನ್ನು ಕೈಯಲ್ಲಿ ಹಿಡಿದುಕೊಂಡಿದ್ದ. ಆ ಕ್ಷಣದ ಛಾಯಾಚಿತ್ರವೊಂದಿದೆ. ಮೈಚಾಚಿ ಬಿದ್ದ ಜಮೋರಾನನ್ನೂ ಅವನ ಸುತ್ತಣ ಧೂಳನ್ನೂ ಅದರಲ್ಲಿ ನೋಡಬಹುದು. ಸ್ಪೇನಿನಲ್ಲಿ ಮುತ್ತಜ್ಜಂದಿರಿಂದ ಮರಿಮಕ್ಕಳವರೆಗೆ ಅದನ್ನು ಬಲ್ಲದವರಿಲ್ಲ. ಮ್ಯಾಡ್ರಿಡ್ಡಿಗಾಗಿ ಅವನಾಡಿದ ಕೊನೆಯ ಪಂದ್ಯ ಅದು.

ನಾಲ್ಕೇ ವಾರಗಳಲ್ಲಿ, ಜುಲೈ ತಿಂಗಳ ನಡುವಿನಲ್ಲಿ, ಸೇನೆಯ ದಂಡನಾಯಕರು ಗಣರಾಜ್ಯದ ವಿರುದ್ಧ ದಂಗೆಯೆದ್ದರು. ಅಂತರ್ಯುದ್ಧ ಹೊತ್ತಿಕೊಂಡಿತು. ಮ್ಯಾಡ್ರಿಡ್ ಗಣರಾಜ್ಯದ ಪಕ್ಷದಲ್ಲಿ ಉಳಿಯಿತು. ಅಲ್ಲಿನ ಬೀದಿಗಳು ಬಂದೂಕು ಹಿಡಿದ ಕಾರ್ಯಕರ್ತರ ಕೈಗೆ ಹೋದವು. ಜಮೋರಾ ರಾಜಕಾರಣಿಯಲ್ಲ. ಆದರೆ ಯಾ ಎಂಬ ಕೆಥೊಲಿಕ ಪತ್ರಿಕೆಯಲ್ಲಿ ಕಾಲ್ಚೆಂಡಾಟದ ಬಗ್ಗೆ ಬರೆಯುತ್ತಿದ್ದ. ಅಷ್ಟು ಸಾಕಾಯಿತು. ಅವನನ್ನು ಹಿಡಿದು ಮೊದೇಲೊ ಸೆರೆಮನೆಗೆ ನೂಕಿದರು. ಇತ್ತ ದಂಗೆಕೋರರ ಕಡೆಯ ರೇಡಿಯೋ ಮತ್ತು ಪತ್ರಿಕೆಗಳು ಜಮೋರಾನನ್ನು ಗಣರಾಜ್ಯದವರು ಕೊಂದರೆಂದು ಸಾರಿದವು. ದೇಶದ ಅರ್ಧದಲ್ಲಿ ಅವನ ಆತ್ಮಶಾಂತಿಗಾಗಿ ಇಗರ್ಜಿಗಳಲ್ಲಿ ಪೂಜೆ ನಡೆಯಿತು. ಬದುಕಿರುವವನ ತಿಥಿ!

ಆ ಸೆರೆಮನೆಯೊಳಗೆ ಸಾವು ದೂರದ ಮಾತಾಗಿರಲಿಲ್ಲ. ಆ ವರ್ಷದ ನವೆಂಬರಿನಲ್ಲಿ ಅಲ್ಲಿಂದ ಕೈದಿಗಳನ್ನು ಲಾರಿ ಬಸ್ಸುಗಳಲ್ಲಿ ತುಂಬಿಸಿ ನಗರದ ಹೊರಗಿನ ಪಾರಕುಯೆಲ್ಯೋಸ್ ಎಂಬಲ್ಲಿಗೆ ಒಯ್ದು ಗುಂಡಿಕ್ಕಿದರು. ಹಾಗೆ ಸತ್ತವರಲ್ಲಿ ಮೊಂಚಿನ್ ತ್ರಿಯಾನಾ ಎಂಬವನೊಬ್ಬ. ಅವನು ಮ್ಯಾಡ್ರಿಡ್ ತಂಡದಲ್ಲಿ ಜಮೋರಾನ ಜೊತೆ ಆಡಿದವನು. ಹೆಸರು ಕರೆದಾಗ ಯಾರ ಸರದಿ ಎಂದು ಯಾರಿಗೂ ತಿಳಿಯದ ದಿನಗಳವು. ಜಮೋರಾನನ್ನು ಕಾಪಾಡಿದ್ದು ಅವನ ಹೆಸರೇ. ಕಾವಲುಗಾರರಲ್ಲಿ ಹಲವರು ಅವನ ಆಟವನ್ನು ನೋಡಿದವರು. ಅವನೊಡನೆ ಮಾತನಾಡಲು, ಅಂಗಳದಲ್ಲಿ ಅವನಿಗೆ ಒಂದೆರಡು ಚೆಂಡು ಹೊಡೆದು ನೋಡಲು ಅವರಿಗೆ ಆಸೆ. ಪೆದ್ರೊ ಲೂಯಿಸ್ ದೆ ಗಾಲ್ವೆಸ್ ಎಂಬ ಕವಿ, ಬಡತನದಲ್ಲೂ ಕುಡಿತದಲ್ಲೂ ಬದುಕು ಕಳೆದ ಮನುಷ್ಯ, ಗಣರಾಜ್ಯದ ಪಕ್ಷದವನು, ಸೆರೆಮನೆಗೆ ಬಂದು ಎಲ್ಲರೆದುರು ಜಮೋರಾನನ್ನು ಅಪ್ಪಿಕೊಂಡು, ಇವನು ತನ್ನ ಸ್ನೇಹಿತ, ಇವನನ್ನು ಯಾರೂ ಮುಟ್ಟಕೂಡದೆಂದು ಸಾರಿದನೆಂಬ ಕಥೆ ಪ್ರಸಿದ್ಧವಾಗಿದೆ. ಅಂತೂ ಜಮೋರಾ ಬಿಡುಗಡೆ ಹೊಂದಿ, ಅರ್ಜೆಂಟೀನಾದ ರಾಯಭಾರ ಕಚೇರಿಯಲ್ಲಿ ಅಡಗಿದ್ದು, ಆ ದೇಶದ ಯುದ್ಧನೌಕೆಯಲ್ಲಿ ಫ್ರಾನ್ಸಿಗೆ ಪಾರಾದ. ಇತರರನ್ನು ಉಳಿಸಿದನೆನ್ನುವ ಗಾಲ್ವೆಸನಿಗೆ ಮಾತ್ರ ಯಾರ ಕೃಪೆಯೂ ಸಿಗಲಿಲ್ಲ. ಯುದ್ಧ ಗೆದ್ದ ಫ್ರಾಂಕೊನ ಸರಕಾರ 1940ರಲ್ಲಿ ಅವನನ್ನು ಗುಂಡಿಕ್ಕಿ ಕೊಂದಿತು. ಜಮೋರಾನ ಕಥೆ ಹೇಳುವಾಗೆಲ್ಲ ಈ ಕವಿಯ ಹೆಸರನ್ನು ಬಿಡಬಾರದೆಂದು ನನಗನಿಸುತ್ತದೆ.

ಫ್ರಾನ್ಸಿನ ನೀಸ್ ನಗರದಲ್ಲಿ ಹಳೆಯ ಗೆಳೆಯ ಸಮಿತಿಯೇರ್ ಸಿಕ್ಕಿದ. ಅವನೂ ಸೆರೆ ಕಂಡು ಓಡಿಬಂದವನೇ. ಇಬ್ಬರೂ 1938ರ ತನಕ ಅಲ್ಲಿನ ಕ್ಲಬ್ಬಿಗಾಗಿ ಆಡಿದರು. ಆ ವರ್ಷದ ಡಿಸೆಂಬರಿನಲ್ಲಿ ಜಮೋರಾ ಸ್ಪೇನಿಗೆ ಮರಳಿ, ಫ್ರಾಂಕೊನ ಪಡೆಗಳ ಸೈನಿಕರ ನೆರವಿಗಾಗಿ ನಡೆದ ಪಂದ್ಯವೊಂದರಲ್ಲಿ ಆಡಿದ. ಇದನ್ನು ಹಿಡಿದು ಅವನನ್ನು ಫ್ರಾಂಕೊನ ಪಕ್ಷದವನೆಂದು ಬರೆದವರಿದ್ದಾರೆ. ಗಣರಾಜ್ಯದ ಪದಕವನ್ನು ನೆನಪಿಸಿ ಆ ಕಡೆಗೆ ಎಳೆದವರೂ ಇದ್ದಾರೆ. ಒಂದು ಪಕ್ಷ ಸೆರೆಗೆ ಹಾಕಿ ಬಿಟ್ಟಿತು, ಇನ್ನೊಂದು ಪಕ್ಷ ಬದುಕಿರುವಾಗಲೇ ಹುತಾತ್ಮನನ್ನಾಗಿ ಮಾಡಿತು. ಇವೆರಡರ ನಡುವೆ ಸಿಕ್ಕಿದ ಮೂವತ್ತೇಳರ ಆಟಗಾರ ಸಂಸಾರ ಸಾಕುವ ದಾರಿ ನೋಡಿದನೆಂದು ತಿಳಿದರೆ ಬಹಳ ತಪ್ಪಾಗಲಾರದು.

ಯುದ್ಧ 1939ರಲ್ಲಿ ಮುಗಿಯಿತು. ಆಡುವ ವಯಸ್ಸೂ ಮುಗಿದಿತ್ತು. ಇನ್ನು ತರಬೇತುದಾರನ ಕೆಲಸ. ಮ್ಯಾಡ್ರಿಡ್ಡಿನ ಇನ್ನೊಂದು ತಂಡವಾದ ಅತ್ಲೆಟಿಕೊ ಯುದ್ಧದಲ್ಲಿ ಎಂಟು ಆಟಗಾರರನ್ನು ಕಳೆದುಕೊಂಡಿತ್ತು, ಮೈದಾನ ಹಾಳಾಗಿತ್ತು, ಸಾಲ ಏರಿತ್ತು. ಅದನ್ನು ವಾಯುದಳದ ತಂಡದೊಡನೆ ಒಂದಾಗಿಸಿ ಅಥ್ಲೆಟಿಕ್ ಏವಿಯಾಸಿಯೋನ್ ಎಂದು ಹೆಸರಿಟ್ಟರು. ಮೊದಲನೆಯ ಡಿವಿಜನಿನಲ್ಲಿ ಆ ತಂಡಕ್ಕೆ ಜಾಗವೇ ಇರಲಿಲ್ಲ. ಯುದ್ಧದಲ್ಲಿ ಓವಿಯೆದೊ ನಗರದ ಮೈದಾನ ನಾಶವಾಗಿ ಆ ತಂಡ ಆ ವರ್ಷ ಆಡಲಾರದಾದಾಗ ಒಂದು ಸ್ಥಾನ ತೆರವಾಯಿತು. ಒಸಾಸುನಾ ತಂಡವನ್ನು 3-1ರಿಂದ ಸೋಲಿಸಿ ಅತ್ಲೆಟಿಕೊ ಆ ಸ್ಥಾನ ಪಡೆಯಿತು. ಹೀಗೆ ಕೊನೆಯ ಬಾಗಿಲಿನಿಂದ ಒಳಬಂದ ತಂಡವನ್ನು ಜಮೋರಾ 1940ರಲ್ಲಿ ಲೀಗಿನ ಚಾಂಪಿಯನ್ ಮಾಡಿದ, 1941ರಲ್ಲಿ ಮತ್ತೊಮ್ಮೆ. ಆ ಕ್ಲಬ್ಬಿಗೆ ಲೀಗ್ ಪ್ರಶಸ್ತಿ ಬಂದದ್ದು ಅದೇ ಮೊದಲು. ಸೈನ್ಯದ ತಂಡವಾದ್ದರಿಂದ ಆಟಗಾರರಿಗೆ ಅನುಕೂಲ ಹೆಚ್ಚಿತ್ತೆಂದು ಗೊಣಗಿದವರುಂಟು. ಅದರಲ್ಲಿ ನಿಜಾಂಶವೂ ಇರಬಹುದು. ಊಟಕ್ಕೆ ತತ್ವಾರವಿದ್ದ ಆ ದಿನಗಳಲ್ಲಿ ಹೊಟ್ಟೆತುಂಬಿದ ತಂಡಕ್ಕೆ ಅದೇ ಒಂದು ಬಲ. ಆದರೂ ಎರಡು ವರ್ಷ ಸತತವಾಗಿ ಗೆಲ್ಲಿಸುವುದು ಅಡುಗೆಯವನ ಕೆಲಸವಲ್ಲವಷ್ಟೆ.

1946ರವರೆಗೆ ಅಲ್ಲಿದ್ದು, ಬಳಿಕ ದೇಶದ ವಾಯವ್ಯ ಮೂಲೆಯ ವೀಗೊ ಪಟ್ಟಣದ ಸೆಲ್ತಾ ತಂಡಕ್ಕೆ ಹೋದ. ಸಣ್ಣ ಊರಿನ ಆ ತಂಡ 1948ರಲ್ಲಿ ಲೀಗಿನಲ್ಲಿ ನಾಲ್ಕನೆಯದಾಯಿತು, ಕಪ್ ಫೈನಲನ್ನೂ ಮುಟ್ಟಿ ಸೆವಿಲ್ಯಾ ಕೈಯಲ್ಲಿ ಸೋತಿತು. ಆ ವರ್ಷ ಲೀಗಿನಲ್ಲಿ ಎಲ್ಲರಿಗಿಂತ ಹೆಚ್ಚು ಗೋಲು ಹೊಡೆದ ಪಾಯೀನ್ಯೊ ಅವನ ಕೈಕೆಳಗೆ ಆಡಿದವನು. ಆಮೇಲೆ ಮಲಗಾ, 1952ರಲ್ಲಿ ಎರಡೇ ಪಂದ್ಯಗಳ ಮಟ್ಟಿಗೆ ರಾಷ್ಟ್ರೀಯ ತಂಡ, ಐವತ್ತರ ದಶಕದ ನಡುವಿನಲ್ಲಿ ತಾನು ಹುಡುಗನಾಗಿ ಆಡಿದ ಎಸ್ಪಾನ್ಯೋಲ್. ಅಧ್ಯಕ್ಷ ಅಲ್ಕಲಾ-ಜಮೋರಾ ಪದಕ ಕೊಟ್ಟ ಅದೇ ಎದೆಗೆ ಐವತ್ತರ ದಶಕದಲ್ಲಿ ಫ್ರಾಂಕೊನ ಸರಕಾರವೂ ಒಂದು ಪದಕ ಸಿಕ್ಕಿಸಿತು. ಮಗನೂ ತಂದೆಯ ಹೆಸರನ್ನೇ ಹೊತ್ತು ಗೋಲ್‌ಕೀಪರನಾದ. ಆ ಹೆಸರಿನೊಡನೆ ಗೋಲಿನಲ್ಲಿ ನಿಲ್ಲುವುದು ಸುಲಭವಾಗಿರಲಾರದು.

ಜಮೋರಾ 1978ರ ಸೆಪ್ಟೆಂಬರ್ 8ರಂದು, ಹುಟ್ಟಿದೂರಾದ ಬಾರ್ಸಿಲೋನಾದಲ್ಲಿ ತೀರಿಕೊಂಡ. 1999ರಲ್ಲಿ ಕಾಲ್ಚೆಂಡಾಟದ ಚರಿತ್ರೆಕಾರರ ಅಂತಾರಾಷ್ಟ್ರೀಯ ಸಂಸ್ಥೆ ಇಪ್ಪತ್ತನೆಯ ಶತಮಾನದ ಗೋಲ್‌ಕೀಪರುಗಳನ್ನು ಸಾಲಾಗಿ ನಿಲ್ಲಿಸಿದಾಗ ರಷ್ಯದ ಯಾಶಿನ್ ಮೊದಲಿಗನಾದ, ಜಮೋರಾ ಐದನೆಯವನು. ಆದರೆ ಅವನ ಹೆಸರನ್ನು ಉಳಿಸಿರುವುದು ಈ ಪಟ್ಟಿಯಲ್ಲ. ಮ್ಯಾಡ್ರಿಡ್ಡಿನ ಮಾರ್ಕಾ ಎಂಬ ಕ್ರೀಡಾಪತ್ರಿಕೆ ಅವನು ಬದುಕಿದ್ದಾಗಲೇ, ಐವತ್ತರ ದಶಕದ ಕೊನೆಯಲ್ಲಿ, ಒಂದು ಬಹುಮಾನವನ್ನು ಆರಂಭಿಸಿತು. ಆ ವರ್ಷದ ಲೀಗಿನಲ್ಲಿ, ಆಡಿದ ಪಂದ್ಯಗಳ ಲೆಕ್ಕದಲ್ಲಿ ಅತಿ ಕಡಿಮೆ ಗೋಲು ಬಿಟ್ಟ ಗೋಲ್‌ಕೀಪರನಿಗೆ ಅದು ಸಲ್ಲುತ್ತದೆ. ಅದನ್ನು ಜಮೋರಾ ಎಂದೇ ಕರೆಯುತ್ತಾರೆ. ಇಂದು ಅದನ್ನು ಪಡೆಯುವ ಆಟಗಾರರಲ್ಲಿ ಹೆಚ್ಚಿನವರು ಅವನು ಸತ್ತ ಮೇಲೆ ಹುಟ್ಟಿದವರು. ಲೀಗ್ ಮುಗಿಯುವ ಹೊತ್ತಿಗೆ ಈ ವರ್ಷ ಜಮೋರಾ ಯಾರಿಗೆ ಎಂದು ಸ್ಪೇನಿನ ಪತ್ರಿಕೆಗಳು ಪ್ರತಿವಾರವೂ ಬಿಟ್ಟ ಗೋಲುಗಳ ಲೆಕ್ಕ ಹಾಕುತ್ತಿರುತ್ತವೆ.